ಹಳೇ ಕಾರಿನ ಇನ್ಶೂರೆನ್ಸು ಮತ್ತು ಹಿಂದಿನ ಸೀಟಿನ ಮೂವರು

ಹೋದ ವಾರ ಮಕ್ತಲ್ ಬಸ್ ಸ್ಟ್ಯಾಂಡಿನ ಹತ್ತಿರ ಚಹಾ ಕುಡಿಯುತ್ತಿದ್ದಾಗ ಹಳೆಯ ಸಹೋದ್ಯೋಗಿಯೊಬ್ಬರು ಸಿಕ್ಕರು. ಈಗ ನಾರಾಯಣಪೇಟೆ ಕಡೆಯ ಶಾಲೆಯಲ್ಲಿದ್ದಾರೆ. ಈಚೆಗೆ ರಾಯಚೂರಿನಲ್ಲಿ ಒಂದು ಹಳೆಯ ಸ್ಯಾಂಟ್ರೋ ತಗೊಂಡಿದ್ದಾರೆ. ಕುಶಲ ಕೇಳುವ ಮೊದಲೇ ಶುರು ಮಾಡಿದರು: "ಸರ, ಇನ್ಶೂರೆನ್ಸ್ ಎಲ್ಲಿ ಸೋವಿ ಸಿಗ್ತದ ಹೇಳ್ರಿ. ಹಳೇ ಗಾಡಿಗಿ ಸುಮ್ನ ಯಾಕ ರೊಕ್ಕ ಸುರಿಯೂದು? ಪೊಲೀಸ್ರು ಹಿಡದ್ರ ತೋರ್ಸಾಕ ಒಂದ್ ಕಾಗದ ಇದ್ರ ಸಾಕಲ್ಲ?"

ಇದೇ ಮಾತನ್ನು ಮೂರು ವರ್ಷದ ಹಿಂದೆ ನಾನೂ ಆಡಿದ್ದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ನಮ್ಮ ಕನ್ನಡ ಶಾಲೆಗಳ ಮೇಷ್ಟ್ರುಗಳಲ್ಲಿ, ಪಾಲಕರಲ್ಲಿ ಹಳೇ ಕಾರು ಇಟ್ಟುಕೊಂಡವರು ಈಗ ಬಹಳ ಜನ. ಗಡಿ ಕಡೆಯ ಹಳ್ಳಿಗಳಿಗೆ ಬೆಳಿಗ್ಗೆ ಪ್ರಾರ್ಥನೆಯ ಹೊತ್ತಿಗೆ ಮುಟ್ಟಿಸುವ ಬಸ್ಸು ಸಿಗುವುದು ಕಷ್ಟ. ನಾಲ್ಕು ಜನ ಸೇರಿ ಒಂದು ಕಾರಿನಲ್ಲಿ ಹೋಗುವುದು ನಮಗೆ ಶೋಕಿ ಅಲ್ಲ, ಅನಿವಾರ್ಯ.

ನನ್ನದು 2012ರ ಮಾರುತಿ 800. ಸೆಕೆಂಡ್ ಹ್ಯಾಂಡು. ಬಣ್ಣ ಬಿಳಿ ಎಂದು ಆರ್‌ಸಿಯಲ್ಲಿ ಬರೆದಿದೆ, ನಮ್ಮ ಎರೆಮಣ್ಣಿನ ದಾರಿ ಅದನ್ನು ಒಪ್ಪುವುದಿಲ್ಲ. ಅದಕ್ಕೆ ಪ್ರತಿವರ್ಷ ಥರ್ಡ್ ಪಾರ್ಟಿ ಪಾಲಿಸಿ ಮಾತ್ರ ಮಾಡಿಸುತ್ತಿದ್ದೆ. ಮನೆಯಲ್ಲಿ ಕೇಳಿದರೆ "ಇನ್ಶೂರೆನ್ಸ್ ಅದ" ಎನ್ನುತ್ತಿದ್ದೆ. ಯಾವ ಇನ್ಶೂರೆನ್ಸು, ಯಾರಿಗೆ ಇನ್ಶೂರೆನ್ಸು ಎಂದು ನಾನೂ ಯೋಚಿಸಿರಲಿಲ್ಲ, ಅವರೂ ಕೇಳಿರಲಿಲ್ಲ.

2023ರ ಮಳೆಗಾಲ. ಶಾಲೆ ಬಿಟ್ಟು ವಾಪಸ್ ಬರುತ್ತಿದ್ದೆವು. ಮುಂದೆ ನಾನು ಮತ್ತು ಗಣಿತದ ಸರ, ಹಿಂದೆ ಮೂವರು. ಹೆದ್ದಾರಿಗೆ ಸೇರುವ ಮೊದಲು ಒಳದಾರಿಯಲ್ಲಿ ಎಮ್ಮೆಗಳ ಹಿಂಡು ಅಡ್ಡ ಬಂತು. ಬ್ರೇಕ್ ಒತ್ತಿದೆ. ರಸ್ತೆಯ ಅಂಚು ನೆನೆದು ಮೆತ್ತಗಾಗಿತ್ತು, ಕಾರು ಜಾರಿ ತಗ್ಗಿಗೆ ಇಳಿದು ವಾಲಿತು. ಎಮ್ಮೆಗೆ ಏನೂ ಆಗಲಿಲ್ಲ. ನನಗೂ ಏನೂ ಆಗಲಿಲ್ಲ. ಹಿಂದೆ ಕಿಟಕಿ ಪಕ್ಕ ಕೂತಿದ್ದ ಅಕ್ಕೋರ ಕೊರಳೆಲುಬು ಮುರಿಯಿತು. ಗೌರವಧನದ ಮೇಲೆ ಪಾಠ ಮಾಡುತ್ತಿದ್ದವರು ಅವರು, ನಮ್ಮ ಹಾಗೆ ಸರಕಾರಿ ಸಂಬಳದವರಲ್ಲ. ರಾಯಚೂರಿನ ಆಸ್ಪತ್ರೆಯಲ್ಲಿ ಅರವತ್ತೆರಡು ಸಾವಿರ ಬಿಲ್ಲಾಯಿತು.

ಪಾಲಿಸಿ ಕಾಗದ ಹಿಡಿದುಕೊಂಡು ಇನ್ಶೂರೆನ್ಸ್ ಕಚೇರಿಗೆ ಹೋದೆ. ಅಲ್ಲಿದ್ದ ಅಧಿಕಾರಿ ಸಭ್ಯ ಮನುಷ್ಯರು, ಕೂಡಿಸಿ ನೀರು ಕೊಟ್ಟರು. ತೆಲುಗಿನಲ್ಲಿ ಕೇಳಿದ್ದು ಒಂದೇ ಪ್ರಶ್ನೆ: ಎದುರು ಗಾಡಿ ಯಾವುದು? ಎದುರು ಗಾಡಿ ಇಲ್ಲ ಎಂದೆ. ಹಾಗಾದರೆ ಥರ್ಡ್ ಪಾರ್ಟಿ ಯಾರು? ಗಾಡಿಯೊಳಗೆ ಕೂತವರು ಎಂದೆ. ಅವರು ತಲೆ ಆಡಿಸಿದರು. ಖಾಸಗಿ ಕಾರಿನೊಳಗೆ ಪುಕ್ಕಟೆ ಕೂತವರು ಬರೀ ಥರ್ಡ್ ಪಾರ್ಟಿ ಪಾಲಿಸಿಯ ಲೆಕ್ಕದಲ್ಲಿ "ಥರ್ಡ್ ಪಾರ್ಟಿ" ಅಲ್ಲ!

ನನಗೆ ಸಿಟ್ಟು ಬಂದದ್ದು ನಿಜ. ಆಮೇಲೆ ಓದಿ ನೋಡಿದಾಗ ಅವರು ಹೇಳಿದ್ದು ಸರಿಯೇ ಇತ್ತು. 1988ರ ಮೋಟಾರು ವಾಹನ ಕಾಯ್ದೆಯ 146ನೇ ಕಲಮಿನ ಪ್ರಕಾರ ಥರ್ಡ್ ಪಾರ್ಟಿ ವಿಮೆ ಇಲ್ಲದೆ ಗಾಡಿ ರಸ್ತೆಗೆ ಇಳಿಯುವಂತಿಲ್ಲ. 2019ರ ತಿದ್ದುಪಡಿಯ ನಂತರ ಇದಕ್ಕೆ ಮೊದಲ ಸಲ 2,000 ರೂಪಾಯಿ, ಮತ್ತೆ ಸಿಕ್ಕರೆ 4,000 ರೂಪಾಯಿ ದಂಡ, ಜೈಲೂ ಆಗಬಹುದು. ಆದರೆ ಆ ವಿಮೆ ನೋಡಿಕೊಳ್ಳುವುದು ನಮ್ಮ ಗಾಡಿಯಿಂದ ಹೊರಗಿನವರಿಗೆ ಆಗುವ ಸಾವು ನೋವು, ಆಸ್ತಿ ಹಾನಿಯನ್ನು. ಬೈಕಿನ ಹಿಂದೆ ಕೂತವರು, ಖಾಸಗಿ ಕಾರಿನೊಳಗೆ ಕೂತವರು ಬರೀ ಥರ್ಡ್ ಪಾರ್ಟಿ ಪಾಲಿಸಿಯಲ್ಲಿ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2006 ಮತ್ತು 2008ರ ತೀರ್ಪುಗಳಲ್ಲಿ ಹೇಳಿದೆ. ಅದೇ ಪೂರ್ತಿ ಪಾಲಿಸಿ (ನಮ್ಮ ಕಡೆ ಫುಲ್ ಇನ್ಶೂರೆನ್ಸ್ ಎನ್ನುತ್ತೇವಲ್ಲ, ಕಾಗದದಲ್ಲಿ ಪ್ಯಾಕೇಜ್ ಪಾಲಿಸಿ) ಇದ್ದರೆ ಒಳಗೆ ಕೂತವರ ವಿಷಯದಲ್ಲೂ ಕಂಪನಿಗೆ ಹೊಣೆ ಇದೆ. ವಿಮಾ ನಿಯಂತ್ರಕರು 2009ರ ನವೆಂಬರಿನಲ್ಲಿ ಸುತ್ತೋಲೆ ಹೊರಡಿಸಿ ಇದನ್ನು ಸ್ಪಷ್ಟ ಮಾಡಿದ್ದಾರೆ.

ಅಂದರೆ ನಾನು ಇಷ್ಟು ವರ್ಷ ದಾರಿಹೋಕರಿಗೆಲ್ಲ ರಕ್ಷಣೆ ಕೊಂಡಿದ್ದೆ, ದಿನಾ ನನ್ನ ಜೊತೆ ಕೂತು ಬರುವ ನಾಲ್ವರಿಗೆ ಕೊಂಡಿರಲಿಲ್ಲ. ಅಕ್ಕೋರು ದುಡ್ಡಿನ ಮಾತೇ ಎತ್ತಲಿಲ್ಲ. ನಾವು ನಾಲ್ವರು ಹಂಚಿಕೊಂಡು ಬಿಲ್ಲು ಕಟ್ಟಿದೆವು, ಅರ್ಧಕ್ಕಿಂತ ಹೆಚ್ಚು ನಾನು. ಗುಣವಾದ ಮೇಲೆ ಅವರು ಬೆಳಗಿನ ಮೊದಲ ಬಸ್ಸಿಗೆ ಬರಲು ಶುರು ಮಾಡಿದರು. ಹೆದರಿಕೆಯೋ ಸಂಕೋಚವೋ, ನಾನು ಕೇಳಲಿಲ್ಲ.

(ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. 2025ರ ಮೇ ತಿಂಗಳಲ್ಲಿ ಕೇಂದ್ರ ಸರಕಾರ ರಸ್ತೆ ಅಪಘಾತದ ಗಾಯಾಳುಗಳಿಗೆ ನಗದುರಹಿತ ಚಿಕಿತ್ಸೆಯ ಯೋಜನೆಯನ್ನು ಅಧಿಸೂಚಿಸಿದೆ. ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಏಳು ದಿನದವರೆಗೆ, ಒಂದೂವರೆ ಲಕ್ಷ ರೂಪಾಯಿಯವರೆಗೆ. ಯಾರಿಗಾದರೂ ಅಪಘಾತವಾದರೆ ಆಸ್ಪತ್ರೆಯಲ್ಲಿ ಮೊದಲು ಇದನ್ನು ಕೇಳಿ.)

ಈಗ ಸೋವಿ ಮಾತಿಗೆ ಬರೋಣ. ಬಹಳ ಜನಕ್ಕೆ ಗೊತ್ತಿಲ್ಲದ ಸಂಗತಿ ಏನೆಂದರೆ ಥರ್ಡ್ ಪಾರ್ಟಿ ದರದಲ್ಲಿ ಚೌಕಾಸಿ ಇಲ್ಲವೇ ಇಲ್ಲ. ಅದನ್ನು ಸರಕಾರ ಗೊತ್ತು ಮಾಡುತ್ತದೆ. 2022ರ ಜೂನ್ 1ರಿಂದ ಜಾರಿಗೆ ಬಂದ ಪಟ್ಟಿಯಲ್ಲಿ 1000 ಸಿಸಿವರೆಗಿನ ಖಾಸಗಿ ಕಾರಿಗೆ 2,094 ರೂಪಾಯಿ, 1000ದಿಂದ 1500 ಸಿಸಿಗೆ 3,416, ಅದಕ್ಕಿಂತ ಮೇಲೆ 7,897. ಇದರ ಮೇಲೆ ನೂರಕ್ಕೆ 18 ಜಿಎಸ್‌ಟಿ. ಗಾಡಿ ಹೊಸದೋ ಹಳೆಯದೋ, ಗದ್ವಾಲದ್ದೋ ಹೈದರಾಬಾದಿನದ್ದೋ, ಇದರಲ್ಲಿ ವ್ಯತ್ಯಾಸವಿಲ್ಲ. ನನ್ನ 800ರ ಎಂಜಿನ್ 796 ಸಿಸಿ, ಹಾಗಾಗಿ 2,094. ಆ ಸರ ತಗೊಂಡ ಸ್ಯಾಂಟ್ರೋ 1086 ಸಿಸಿ, ಹಾಗಾಗಿ 3,416. ಎಂಬತ್ತಾರು ಸಿಸಿಗೆ ಸಾವಿರದ ಮುನ್ನೂರು ಹೆಚ್ಚು! ಹಳೇ ಕಾರು ಕೊಳ್ಳುವವರು ಬಣ್ಣ, ಟೈರು, ಮ್ಯೂಸಿಕ್ ಸಿಸ್ಟಮ್ ಎಲ್ಲ ನೋಡುತ್ತಾರೆ, ಇದನ್ನು ನೋಡುವುದಿಲ್ಲ. ಪ್ರತಿವರ್ಷ ಕಟ್ಟುವ ದುಡ್ಡು ಇದು.

ಆದ್ದರಿಂದ ಯಾರಾದರೂ ಏಜೆಂಟ್ "ನಿಮ್ಮ ಕಾರಿಗೆ ಸಾವಿರಕ್ಕೆ ಮಾಡಿಸಿಕೊಡ್ತೀನಿ" ಎಂದರೆ ಎದ್ದು ಬನ್ನಿ. ಕಾರಿನ ನಂಬರಿಗೆ ಬೈಕಿನ ಪಾಲಿಸಿ ಮಾಡಿಸಿ ಕಾಗದ ತಿದ್ದಿ ಕೊಡುವ ಮೋಸಗಳೂ ನಡೆದಿವೆ. ದುಡ್ಡು ಕಟ್ಟಿದ ಕೆಲವು ದಿನದ ಮೇಲೆ ಎಂ-ಪರಿವಾಹನ್ ಆ್ಯಪಿನಲ್ಲಿ ಗಾಡಿ ನಂಬರ್ ಹಾಕಿ ನೋಡಿ. ವಿಮೆ ಯಾವ ತಾರೀಖಿನವರೆಗೆ ಇದೆ ಎಂದು ಅಲ್ಲಿ ಕಾಣಬೇಕು. ಕಾಣದಿದ್ದರೆ ಕಾಗದ ಕೊಟ್ಟವರನ್ನು ಕೇಳಿ. ಇನ್ನು ಗಾಡಿ ಹಳೆಯದಾಯಿತು ಎಂದು ಥರ್ಡ್ ಪಾರ್ಟಿ ಪಾಲಿಸಿ ಕೊಡುವುದಿಲ್ಲ ಎಂದು ಕಂಪನಿ ಹೇಳುವಂತಿಲ್ಲ. ಫುಲ್ ಇನ್ಶೂರೆನ್ಸಿಗೆ ಮಾತ್ರ ಅವರು ಹಿಂದೆ ಮುಂದೆ ನೋಡುತ್ತಾರೆ.

ಹಾಗಾದರೆ ಹಳೇ ಗಾಡಿಗೆ ಫುಲ್ ಇನ್ಶೂರೆನ್ಸ್ ದಂಡವೇ? ಎಲ್ಲರೂ ಹಾಗೇ ಹೇಳುತ್ತಾರೆ, ಅರ್ಧ ನಿಜ ಕೂಡ. ಐಡಿವಿ ಎಂದು ಒಂದು ಅಂಕಿ ಇರುತ್ತದೆ, ಅಂದರೆ ಗಾಡಿ ಕಳುವಾದರೆ ಅಥವಾ ಪೂರ್ತಿ ಹಾಳಾದರೆ ಕಂಪನಿ ಲೆಕ್ಕ ಹಿಡಿಯುವ ಬೆಲೆ. ಐದು ವರ್ಷದವರೆಗೆ ಅದಕ್ಕೆ ಕೋಷ್ಟಕ ಇದೆ. ಐದು ದಾಟಿದ ಮೇಲೆ ಕಂಪನಿ ಮತ್ತು ನಾವು ಮಾತಾಡಿ ಒಪ್ಪಿಕೊಂಡದ್ದೇ ಬೆಲೆ. ಮತ್ತೆ ರಿಪೇರಿ ಕ್ಲೇಮಿನಲ್ಲಿ ಸವಕಳಿ ಕಳೆಯುತ್ತಾರೆ. ಪ್ಲಾಸ್ಟಿಕ್ಕು, ರಬ್ಬರು, ಟೈರು, ಬ್ಯಾಟರಿಗೆ ಯಾವ ವಯಸ್ಸಿನ ಗಾಡಿಗಾದರೂ ಅರ್ಧ. ಗಾಜಿಗೆ ಕಡಿತ ಇಲ್ಲ. ಲೋಹದ ಭಾಗಕ್ಕೆ ಗಾಡಿಯ ವಯಸ್ಸಿನ ಮೇಲೆ, ಹತ್ತು ವರ್ಷ ದಾಟಿದರೆ ಅದೂ ಅರ್ಧ.

ಲೆಕ್ಕ ಹಾಕಿ ನೋಡಿ. ಬಂಪರ್ ನಾಲ್ಕು ಸಾವಿರ, ಬಾನೆಟ್ ಆರು ಸಾವಿರ, ಕೂಲಿ ಮೂರು ಸಾವಿರ, ಒಟ್ಟು ಹದಿಮೂರು ಸಾವಿರ ಬಿಲ್ಲು ಎನ್ನಿ. ಬಂಪರಿಗೆ ಎರಡು, ಬಾನೆಟ್ಟಿಗೆ ಮೂರು, ಕೂಲಿ ಪೂರ್ತಿ ಮೂರು. ಎಂಟು ಸಾವಿರ ಆಯಿತು. ಅದರಲ್ಲಿ 1500 ಸಿಸಿವರೆಗಿನ ಕಾರಿಗೆ ಕಡ್ಡಾಯವಾಗಿ ನಾವೇ ಭರಿಸಬೇಕಾದ ಸಾವಿರ ಕಳೆದು ಕೈಗೆ ಬರುವುದು ಏಳು. ಜೊತೆಗೆ ಆ ವರ್ಷ ಕ್ಲೇಮು ಮಾಡಿದ್ದಕ್ಕೆ ಎನ್‌ಸಿಬಿ ಹೋಗುತ್ತದೆ. ಅದು ಐದು ವರ್ಷ ಕ್ಲೇಮಿಲ್ಲದೆ ಸಾಗಿದರೆ ನೂರಕ್ಕೆ 50ರವರೆಗೆ ಏರುವ ರಿಯಾಯಿತಿ. ಆದ್ದರಿಂದ ಬಂಪರ್ ಬಾನೆಟ್ಟಿನ ಆಸೆಗೆ ಹಳೇ ಕಾರಿಗೆ ಫುಲ್ ಇನ್ಶೂರೆನ್ಸ್ ಮಾಡಿಸುವುದು ಲಾಭದ ಬಾಬತ್ತಲ್ಲ. ನಮ್ಮ ಊರ ಮೆಕ್ಯಾನಿಕ್ ಸುತ್ತಿಗೆಯಲ್ಲೇ ಅರ್ಧ ದುಡ್ಡಿಗೆ ನೆಟ್ಟಗೆ ಮಾಡಿಕೊಡುತ್ತಾನೆ.

ಈ ಲೆಕ್ಕವನ್ನು ನಾನು ಎಂಟನೇ ಇಯತ್ತೆಯ ಮಕ್ಕಳಿಗೆ ಶೇಕಡಾವಾರು ಪಾಠದಲ್ಲಿ ಕೊಟ್ಟಿದ್ದೆ. ಒಬ್ಬ ಹುಡುಗ ಎದ್ದು ನಿಂತು "ಸರ, ಹಂಗಾದ್ರ ಪೂರಾ ಗಾಜಿನ ಕಾರು ತಗೋಬೇಕ್ರಿ" ಎಂದ!

ಆದರೆ ಅರ್ಧ ನಿಜ ಎಂದೆನಲ್ಲ, ಇನ್ನರ್ಧ ಇಲ್ಲಿದೆ. ಗಾಡಿಯ ಬೆಲೆ ಕಡಿಮೆ ಇದ್ದಷ್ಟೂ ಸ್ವಂತ ಹಾನಿಯ ಪ್ರೀಮಿಯಮ್ಮೂ ಕಡಿಮೆ. ಹಳೆಯ ಟಾರಿಫ್ ಪುಸ್ತಕದಲ್ಲಿ ಮಹಾನಗರವಲ್ಲದ ಊರಿನಲ್ಲಿ ರಿಜಿಸ್ಟರಾದ, ಹತ್ತು ವರ್ಷ ದಾಟಿದ, 1000 ಸಿಸಿ ಒಳಗಿನ ಕಾರಿಗೆ ಬೆಲೆಯ ಶೇ 3.267 ಎಂದಿತ್ತು. 2007ರಿಂದ ಕಂಪನಿಗಳು ತಮ್ಮ ದರ ತಾವೇ ಹಾಕುತ್ತವೆ, ಆದರೂ ಅಂದಾಜಿಗೆ ಇದು ಸಾಕು. ನನ್ನ ಕಾರಿಗೆ ತೊಂಬತ್ತು ಸಾವಿರ ಐಡಿವಿ ಎಂದರೆ 2,940 ರೂಪಾಯಿ. ಥರ್ಡ್ ಪಾರ್ಟಿ 2,094. ಮಾಲೀಕ ತಾನೇ ಓಡಿಸುವಾಗ ಸತ್ತರೆ ಅಥವಾ ಅಂಗವಿಕಲನಾದರೆ ಹದಿನೈದು ಲಕ್ಷದ ಪರ್ಸನಲ್ ಆಕ್ಸಿಡೆಂಟ್ ಕವರಿಗೆ 330 ಎಂದು ಹಿಡಿಯಿರಿ, ಕಂಪನಿಯಿಂದ ಕಂಪನಿಗೆ ಅದು ಬೇರೆ. ಜಿಎಸ್‌ಟಿ ಸೇರಿ ಒಟ್ಟು 6,330 ರೂಪಾಯಿ. ಬರೀ ಥರ್ಡ್ ಪಾರ್ಟಿ ಮತ್ತು ಪರ್ಸನಲ್ ಆಕ್ಸಿಡೆಂಟ್ ಆದರೆ 2,860. ವ್ಯತ್ಯಾಸ 3,470, ತಿಂಗಳಿಗೆ ಮುನ್ನೂರರ ಒಳಗೆ. ನಾಲ್ಕು ಜನ ದಿನಾ ಕೂರುವ ಗಾಡಿಗೆ ಇದು ಹೆಚ್ಚೇ? ಬಂಪರಿಗಾಗಿ ಅಲ್ಲ, ಹಿಂದಿನ ಸೀಟಿಗಾಗಿ ನಾನು ಪ್ಯಾಕೇಜ್ ಪಾಲಿಸಿ ಮಾಡಿಸುವುದು.

ಆದರೆ ಅಪಘಾತವಾದ ಮರುದಿನ ಕಂಪನಿಯವರು ಆಸ್ಪತ್ರೆಗೆ ಬಂದು ಚೆಕ್ ಕೊಡುತ್ತಾರೆ ಎಂದುಕೊಳ್ಳಬೇಡಿ. ಒಳಗೆ ಕೂತವರು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಹೋಗಬೇಕು, ಓಡಿಸಿದವರ ತಪ್ಪು ಅಲ್ಲಿ ಸಿದ್ಧವಾಗಬೇಕು, ಹೊತ್ತು ಹಿಡಿಯುತ್ತದೆ. ಗೆಳೆಯನ ಮೇಲೆ ಹೇಗೆ ಕೇಸು ಹಾಕುವುದು ಎಂದು ಸಂಕೋಚ ಪಡುತ್ತಾರೆ ನಮ್ಮ ಜನ. ಪಾಲಿಸಿ ಇದ್ದರೆ ಪರಿಹಾರ ಕೊಡುವುದು ಕಂಪನಿ, ಗೆಳೆಯನ ಜೇಬಲ್ಲ. ಇದನ್ನು ನಮ್ಮ ಸ್ಟಾಫ್ ರೂಮಿನಲ್ಲಿ ನಾನೇ ಎದ್ದು ನಿಂತು ಹೇಳಿದೆ: ನನ್ನ ಕಾರಿನಲ್ಲಿ ನಿಮಗೇನಾದರೂ ಆದರೆ ಕೇಸು ಹಾಕಿ, ನನಗೆ ಬೇಜಾರಿಲ್ಲ. ಗಡಿ ಆಚೆ ಅಪಘಾತವಾದರೂ ತಾನು ವಾಸವಿರುವ ಊರಿನ ವ್ಯಾಪ್ತಿಯ ನ್ಯಾಯಮಂಡಳಿಯಲ್ಲೇ ಅರ್ಜಿ ಹಾಕಬಹುದು. ಪಾಲಿಸಿಗೆ ರಾಜ್ಯದ ಗಡಿ ಇಲ್ಲ.

ಆರ್‌ಸಿಗೆ ಮಾತ್ರ ಗಡಿ ಇದೆ. ನನ್ನ ಪ್ರಕಾರ ನಮ್ಮ ಭಾಗದ ದೊಡ್ಡ ತಲೆನೋವು ಇದೇ. 1956ಕ್ಕೆ ಮೊದಲು ಗದ್ವಾಲ, ಆಲಂಪುರ ರಾಯಚೂರು ಜಿಲ್ಲೆಗೇ ಸೇರಿದ್ದವು. ಆಡಳಿತ ಬೇರೆಯಾಯಿತು, ಆದರೆ ಆಸ್ಪತ್ರೆ, ಬಟ್ಟೆ, ಬೀಗತನ, ಹಳೇ ಕಾರು ಎಲ್ಲಕ್ಕೂ ನಮಗೆ ಇಂದಿಗೂ ರಾಯಚೂರೇ. ಹಾಗಾಗಿ ಕೆಎ-36 ನಂಬರಿನ ಗಾಡಿಗಳು ನಮ್ಮ ಶಾಲೆಗಳ ಮುಂದೆ ಸಾಲಾಗಿ ನಿಂತಿರುತ್ತವೆ. ಎಷ್ಟು ಗಾಡಿಗಳ ಆರ್‌ಸಿ ಈಗಿನ ಮಾಲೀಕರ ಹೆಸರಿನಲ್ಲಿದೆ? ಕೇಳಿ ನೋಡಿ, ನಕ್ಕು ಸುಮ್ಮನಾಗುತ್ತಾರೆ. ಎನ್‌ಒಸಿ ತರಬೇಕು, ಹನ್ನೆರಡು ತಿಂಗಳಿಗಿಂತ ಹೆಚ್ಚು ಇಲ್ಲೇ ಇಟ್ಟುಕೊಂಡರೆ ಇಲ್ಲಿನ ನಂಬರ್ ಹಾಕಿಸಬೇಕು, ಇಲ್ಲಿ ತೆರಿಗೆ ಕಟ್ಟಬೇಕು. ಆ ಖರ್ಚಿಗೆ ಹೆದರಿ ಹಾಗೇ ಓಡಿಸುತ್ತಾರೆ. ಇನ್ಶೂರೆನ್ಸನ್ನೂ ಮೊಬೈಲಿನಲ್ಲಿ ಗಾಡಿ ನಂಬರ್ ಹೊಡೆದು ಮಾರಿದವನ ಹೆಸರಿನಲ್ಲೇ ನವೀಕರಿಸುತ್ತಾರೆ.

ಗದ್ವಾಲದ ನನ್ನ ಪರಿಚಯದವರೊಬ್ಬರು ಎರಡು ವರ್ಷ ಹೀಗೇ ಓಡಿಸಿದರು. ಫುಲ್ ಇನ್ಶೂರೆನ್ಸೇ ಇತ್ತು. ಮನೆ ಮುಂದೆ ನಿಲ್ಲಿಸಿದ ಕಾರಿನ ಮೇಲೆ ಮಳೆಗಾಳಿಗೆ ಮರ ಬಿತ್ತು. ಕ್ಲೇಮಿಗೆ ಹೋದರೆ, ಪಾಲಿಸಿ ಇರುವವನಿಗೆ ಕಾರಿಲ್ಲ, ಕಾರಿರುವ ನಿಮಗೆ ಪಾಲಿಸಿ ಇಲ್ಲ ಎಂದು ಕಳಿಸಿದರು. ಮರ ಬಿದ್ದದ್ದು ಪುಣ್ಯ. ಅವರು ಓಡಿಸುವಾಗಲೇ ಏನಾದರೂ ಆಗಿದ್ದರೆ ಹೆಂಡತಿ ಮಕ್ಕಳಿಗೆ ಆ ಹದಿನೈದು ಲಕ್ಷವೂ ಬರುತ್ತಿರಲಿಲ್ಲ, ಅದು ಆರ್‌ಸಿಯಲ್ಲಿ ಹೆಸರಿರುವ ಮಾಲೀಕನಿಗೆ ಮಾತ್ರ. ಮಾರಿದವರೂ ನೆಮ್ಮದಿಯಾಗಿ ಮಲಗುವಂತಿಲ್ಲ. ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವರೇ ಹೊಣೆಗಾರರು ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿಬಿಟ್ಟಿದೆ. ಕಾರು ಕೊಂಡ ಹದಿನಾಲ್ಕು ದಿನದೊಳಗೆ ಪಾಲಿಸಿಯನ್ನು ಹೆಸರಿಗೆ ಮಾಡಿಸಿಕೊಳ್ಳಲು ಅರ್ಜಿ ಕೊಡಬೇಕು. ಹಳೆಯ ಮಾಲೀಕನ ಎನ್‌ಸಿಬಿ ಅವನ ಜೊತೆಗೇ ಹೋಗುತ್ತದೆ, ನಮಗೆ ಬರುವುದಿಲ್ಲ. ವ್ಯತ್ಯಾಸದ ದುಡ್ಡು ಕೇಳುತ್ತಾರೆ, ಕೊಡಿ.

ಬಿಳಿ ಬೋರ್ಡಿನ ಗಾಡಿಯನ್ನು ಬಾಡಿಗೆಗೆ ಓಡಿಸುವವರಿಗೂ ಎರಡು ಮಾತು. ಮಂತ್ರಾಲಯಕ್ಕೆ, ಕುರುಮೂರ್ತಿ ಜಾತ್ರೆಗೆ ತಲೆಗಿಷ್ಟು ಎಂದು ಓಮ್ನಿಯಲ್ಲಿ ಒಂಬತ್ತು ಜನ ತುಂಬಿಕೊಂಡು ಹೋಗುವುದು ನಮ್ಮಲ್ಲಿ ಮಾಮೂಲು. ಖಾಸಗಿ ಕಾರಿನ ಪಾಲಿಸಿಯಲ್ಲಿ ಬಾಡಿಗೆಗೆ ಓಡಿಸುವಂತಿಲ್ಲ ಎಂದು ಬರೆದಿರುತ್ತದೆ. ಆ ಒಂದು ಸಾಲು ಸಾಕು ಕ್ಲೇಮು ತಳ್ಳಿಹಾಕಲು. ನಾವು ಮೇಷ್ಟ್ರುಗಳೂ ಮೊದಲು ಸೀಟಿಗೆ ದಿನಕ್ಕಿಷ್ಟು ಎಂದು ಎತ್ತುತ್ತಿದ್ದೆವು. ಈಗ ಬಿಟ್ಟಿದ್ದೇವೆ. ಸರದಿಯ ಮೇಲೆ ಒಬ್ಬೊಬ್ಬರು ಪೆಟ್ರೋಲ್ ಹಾಕಿಸುತ್ತಾರೆ. ಇದು ಎಷ್ಟರ ಮಟ್ಟಿಗೆ ಬೇರೆ ಎಂದು ವಕೀಲರು ವಾದಿಸಬಹುದು, ಕಡೇಪಕ್ಷ ಬಾಡಿಗೆ ಎಂದು ಯಾರೂ ಕರೆಯಲಾರರು.

ತಾರೀಖು ಮಾತ್ರ ತಪ್ಪಿಸಬೇಡಿ. ಪ್ಯಾಕೇಜ್ ಪಾಲಿಸಿ ಒಂದು ದಿನ ತಪ್ಪಿದರೂ ಗಾಡಿ ತಪಾಸಣೆ ಮಾಡಿಸದೆ ಮತ್ತೆ ಕೊಡುವುದಿಲ್ಲ. ತೊಂಬತ್ತು ದಿನ ದಾಟಿದರೆ ಕೂಡಿಟ್ಟ ಎನ್‌ಸಿಬಿ ಸೊನ್ನೆ. ನನ್ನ ಅನುಭವದಲ್ಲಿ ಮೊಬೈಲಿನಲ್ಲಿ ಹುಡುಕಿದರೆ ಹಳೇ ಗಾಡಿಗೆ ಬರೀ ಥರ್ಡ್ ಪಾರ್ಟಿಯನ್ನೇ ತೋರಿಸುತ್ತಾರೆ, ಪ್ಯಾಕೇಜ್ ಬೇಕೆಂದರೆ ಗಾಡಿ ತಗೊಂಡು ಕಚೇರಿಗೇ ಹೋಗುವುದು ಒಳ್ಳೆಯದು. ಸರಕಾರಿ ಕಂಪನಿಗಳು ನಾಲ್ಕಿವೆ: ನ್ಯಾಷನಲ್, ನ್ಯೂ ಇಂಡಿಯಾ, ಓರಿಯಂಟಲ್, ಯುನೈಟೆಡ್ ಇಂಡಿಯಾ. ಖಾಸಗಿಯವರದ್ದೂ ಸೇರಿಸಿ ಮೂರು ಕಡೆ ಬರೆಸಿಕೊಂಡು ಸ್ವಂತ ಹಾನಿಯ ಅಂಕಿಯನ್ನು ಹೋಲಿಸಿ, ಚೌಕಾಸಿಗೆ ಜಾಗ ಇರುವುದು ಅಲ್ಲಿ. ಎಂಜಿನ್ ಪ್ರೊಟೆಕ್ಟ್, ಕೀ ಕಳೆದರೆ, ರಸ್ತೆಯಲ್ಲಿ ನಿಂತರೆ ಎಂದು ಒಂದರ ಮೇಲೊಂದು ಸೇರಿಸುತ್ತಾರೆ, ಹಳೇ ಕಾರಿಗೆ ಬೇಡವಾದದ್ದನ್ನು ಬೇಡ ಎನ್ನಿ. ನದಿ ದಡದ ಊರಿನವರು ಮಾತ್ರ ಎಂಜಿನ್ನಿನ ವಿಷಯ ಯೋಚಿಸಲಿ. 2009ರ ಅಕ್ಟೋಬರಿನ ಪ್ರವಾಹವನ್ನು ಆಲಂಪುರದ ಕಡೆಯವರು ಮರೆತಿಲ್ಲ. ಪ್ರವಾಹಕ್ಕೆ ಪ್ಯಾಕೇಜ್ ಪಾಲಿಸಿ ಇದೆ, ಆದರೆ ನೀರಲ್ಲಿ ನಿಂತ ಗಾಡಿಯನ್ನು ಸ್ಟಾರ್ಟ್ ಮಾಡಲು ಹೋಗಿ ಎಂಜಿನ್ ಕೆಟ್ಟರೆ ಆ ಹೆಚ್ಚುವರಿ ಕವರ್ ಇಲ್ಲದೆ ಕೊಡುವುದಿಲ್ಲ.

ಕೊನೆಗೆ ಭಾಷೆಯ ಗೋಳು. ಪಾಲಿಸಿ ಇಂಗ್ಲಿಷಿನಲ್ಲಿ, ಕೌಂಟರಿನ ಮಾತು ತೆಲುಗಿನಲ್ಲಿ, ನಾವು ಯೋಚನೆ ಮಾಡುವುದು ಕನ್ನಡದಲ್ಲಿ. ಸಹಿ ಹಾಕುವ ಮೊದಲು "ಈ ಪಾಲಿಸಿಯಲ್ಲಿ ನನ್ನ ಗಾಡಿಯೊಳಗೆ ಕೂತವರು ಬರುತ್ತಾರೋ ಇಲ್ಲವೋ" ಎಂದು ಯಾವ ಭಾಷೆಯಲ್ಲಾದರೂ ಕೇಳಿ, ಎಲ್ಲಿ ಬರೆದಿದೆ ಎಂದು ಬೆರಳಿಟ್ಟು ತೋರಿಸಲು ಹೇಳಿ. ದೂರು ಇದ್ದರೆ ಮೊದಲು ಕಂಪನಿಗೆ ಬರೆದು ಕೊಡಿ, ಆಗದಿದ್ದರೆ ನಿಯಂತ್ರಕರ 155255ಕ್ಕೆ ಫೋನ್ ಮಾಡಿ. ಆಮೇಲೆ ಹೈದರಾಬಾದಿನಲ್ಲಿ ವಿಮಾ ಓಂಬುಡ್ಸ್‌ಮನ್ ಇದ್ದಾರೆ, ಅಲ್ಲಿ ಶುಲ್ಕವಿಲ್ಲ, ವಕೀಲರೂ ಬೇಡ.

ಸ್ಯಾಂಟ್ರೋ ಸರ ನಿನ್ನೆ ಫೋನ್ ಮಾಡಿದ್ದರು. ಆರ್‌ಸಿ ಇನ್ನೂ ಮಾರಿದವರ ಹೆಸರಿನಲ್ಲೇ ಇದೆಯಂತೆ. ಮುಂದಿನ ವಾರ ಇಬ್ಬರೂ ಒಂದು ದಿನ ರಜೆ ಹಾಕಿ ಎನ್‌ಒಸಿ ಕೆಲಸಕ್ಕೆ ರಾಯಚೂರಿಗೆ ಹೋಗುವವರಿದ್ದೇವೆ. ಅಕ್ಕೋರಿಗೂ ಅಲ್ಲಿ ಡಾಕ್ಟರಿಗೆ ತೋರಿಸುವುದಿದೆಯಂತೆ. ಕಾರಿನಲ್ಲಿ ಬರ್ತೀರಾ ಎಂದು ಕೇಳಿದ್ದೇನೆ, ನೋಡೋಣ ಎಂದಿದ್ದಾರೆ.